ಊಟಕ್ಕೆ ಕೂತ ಡಾಕ್ಟರು, ನಾರ್ವೆಯ ಗೊಂಬೆ

ಕುರುಗೋಡು

ವಿಮಾನ ಹತ್ತುವ ಹಿಂದಿನ ವಾರ ನನಗೆ ಮೂರು ಸಲ ಹೊಟ್ಟೆ ಕೆಟ್ಟಿತು. ನೀರು ಬದಲಾಗಿದ್ದಕ್ಕೆ ಹಾಗಾಯಿತು ಅಂದಳು ಅವ್ವ. ನೀರು ಎಲ್ಲಿ ಬದಲಾಗಿತ್ತು? ನಾನಿನ್ನೂ ಕುರುಗೋಡಿನಲ್ಲಿ ಅವಳದೇ ಪಡಸಾಲೆಯಲ್ಲಿ ಕೂತಿದ್ದೆ. ಅದು ಅಂಜಿಕೆಯ ಭೇದಿ. ಹದಿನಾರು ವರ್ಷ ನರ್ಸ್ ಆಗಿ ದುಡಿದವಳಿಗೆ ಅಷ್ಟಾದರೂ ತಿಳಿಯುತ್ತದೆ.

ನನ್ನ ಕೆಲಸ ಸಿರುಗುಪ್ಪದಲ್ಲಿ, ಒಂದು ಟ್ರಸ್ಟಿನವರು ನಡೆಸುವ ಚಿಕ್ಕ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ನಾರ್ವೆ ದೇಶದ ಒಂದು ಊರಿನಲ್ಲಿ ಹಳ್ಳಿಗಾಡಿನ ನರ್ಸುಗಳಿಗೆ ಸಿಮ್ಯುಲೇಷನ್ ತರಬೇತಿ ಇತ್ತು. ನಿಜವಾದ ಬಾಣಂತಿಯ ಬದಲು ಗೊಂಬೆ, ನಿಜವಾದ ಗಂಡಾಂತರದ ಬದಲು ನಟನೆಯ ಗಂಡಾಂತರ; ಅದರಲ್ಲಿ ಕೈ ಪಳಗಿಸಿಕೊಂಡು ಬಂದು ಊರಿನವರಿಗೆ ಕಲಿಸಬೇಕು. ಹತ್ತು ದಿನ. ಇವಳು ಕಲಿಸಬಲ್ಲಳು ಅಂತ ಅಲ್ಲಿನವರಿಗೆ ಅನಿಸಿದರೆ ಕಲಿಸುವ ಸಾಮಾನಿನ ಒಂದು ಚೀಲ ಕೊಟ್ಟು ಕಳಿಸುತ್ತಾರೆ. ಅನಿಸದಿದ್ದರೆ ಬರಿಗೈ. ಸಿರುಗುಪ್ಪ, ಕುರುಗೋಡು ಕಡೆಯ ಸಣ್ಣ ಆಸ್ಪತ್ರೆಗಳ ನರ್ಸುಗಳೆಲ್ಲ ಆ ಚೀಲದ ದಾರಿ ಕಾಯುತ್ತಿದ್ದರು.

ನನ್ನ ಹೆಸರು ಸೂಚಿಸಿದವರು ನಮ್ಮ ಡಾಕ್ಟರ್ ಸಾಹೇಬರೇ. "ನಮ್ಮ ವಾರ್ಡಿನಾಗ ಗಾಬರಿ ಆಗದಾಕಿ ಅಂದ್ರ ನಾಗವೇಣಿ ಒಬ್ಬಾಕೀನ" ಅಂದರಂತೆ. ಅದು ಸುಳ್ಳು. ನನಗೆ ಗಾಬರಿಯಾಗುತ್ತದೆ, ಆದರೆ ಮುಖದ ಮೇಲೆ ಕಾಣುವುದಿಲ್ಲ. ಮೂರು ವರ್ಷದ ಹಿಂದೆ ರಾರಾವಿಯ ಹುಲಿಗೆಮ್ಮ ಅನ್ನುವ ಹುಡುಗಿ ನಮ್ಮಲ್ಲಿ ಚೊಚ್ಚಲು ಹೆತ್ತಳು. ರಕ್ತ ನಿಲ್ಲಲಿಲ್ಲ. ಬಳ್ಳಾರಿಗೆ ಸಾಗಿಸಿದ್ದಾಯಿತು, ಅಲ್ಲಿ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಆಗ ಅವಳಿಗೆ ಇಪ್ಪತ್ತೇ ವರ್ಷ. ಜೀವ ಉಳಿಯಿತಲ್ಲ, ಹಣೆಬರಹ ಅಂತ ಎಲ್ಲರೂ ಸುಮ್ಮನಾದರು. ಆ ಹಣೆಬರಹದಲ್ಲಿ ನನ್ನ ಕೈಬರಹವೂ ಇತ್ತು ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು.

ಅವ್ವ ಎರಡು ದಿನ ಕೂತು ಕಟಕರೊಟ್ಟಿ ಬಡಿದಳು.

"ಅಲ್ಲಿ ಮಂದಿ ಏನ್ ತಿಂತಾರ?"

"ಮೀನು ಅಂತವ್ವ."

"ಶಿವ ಶಿವಾ! ಹಂಗಾರ ಇನ್ನೊಂದಿಪ್ಪತ್ತು ಬಡೀತೀನಿ ತಡಿ."

ಬಳ್ಳಾರಿ

ಮೇ ತಿಂಗಳ ಬಳ್ಳಾರಿಯಲ್ಲಿ ಚಳಿಯ ಕೋಟು ಕೇಳುವುದೆಂದರೆ ನಮ್ಮ ತಲೆ ಸರಿ ಇದೆಯೇ ಅಂತ ನಾಲ್ಕು ಜನರಿಗೆ ಅನುಮಾನ ಹುಟ್ಟಿಸಿದಂತೆ. ಜೀನ್ಸಿನ ಅಂಗಡಿಗಳ ಸಾಲಿನಲ್ಲಿ ಮೂವರು ಇಲ್ಲವೆಂದರು. ನಾಲ್ಕನೆಯವರು, ವಯಸ್ಸಾದ ಸಾಹುಕಾರರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಕ್ಕಾರ, ಆರಾಮದೀರಲ್ಲ? ಜ್ವರ ಗಿರ ಏನಿಲ್ಲಲ್ಲ?"

ನಾರ್ವೆ ಅಂದೆ. ಅವರು ತಾವೇ ಏಣಿ ಹತ್ತಿ ಅಟ್ಟದಿಂದ ಒಂದು ಕೋಟು ಇಳಿಸಿದರು, ಅದರ ಜೊತೆ ಹೋದ ವರ್ಷದ ಧೂಳೂ ಇಳಿಯಿತು. ಹಾಕಿ ನೋಡಿರೆಂದರು. ಹಾಕಿದೆ. ಎರಡು ನಿಮಿಷದಲ್ಲಿ ಬೆವರು ಮೊಣಕೈಯಿಂದ ತೊಟ್ಟಿಕ್ಕಿತು. ಅಂಗಡಿಗೆ ಬಂದಿದ್ದ ಹೆಂಗಸರೆಲ್ಲ ಪ್ಯಾಂಟು ನೋಡುವುದು ಬಿಟ್ಟು ನನ್ನನ್ನೇ ನೋಡಿದರು.

"ಆ ದೇಶದಾಗ ಈ ತಿಂಗಳು ಸೂರ್ಯ ಮುಳುಗೋದ ಇಲ್ಲಂತ ಕೇಳೀನಿ," ಅಂದರು ಸಾಹುಕಾರರು. "ನಮಗ ಹನ್ನೆರಡು ತಾಸು ಇರೋದಾ ಸಾಕಾಗೇತಿ. ಇಪ್ಪತ್ನಾಕು ತಾಸು ಯಾರ್ ತಡಕೋಬೇಕ್ರೀ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕೋಟಿನ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ನಡೆಯುವಾಗ ಒಂದೇ ಯೋಚನೆ ತಲೆ ತಿನ್ನುತ್ತಿತ್ತು. ಗೊಂಬೆಯ ಮುಂದೆ ನಿಲ್ಲಿಸಿ, ನಿನಗೆ ಏನು ಬರುತ್ತದೋ ಮಾಡಿ ತೋರಿಸು ಅನ್ನುತ್ತಾರಂತೆ. ಗಾಜಿನ ಆಚೆಯಿಂದ ಎಲ್ಲರೂ ನೋಡುತ್ತಾರಂತೆ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ?

ಬಂದಿಳಿದ ಊರು

ನಾರ್ವೆಯ ವಿಮಾನ ನಿಲ್ದಾಣದ ಅಧಿಕಾರಿ ಮೊದಲು ತಡೆದದ್ದು ನನ್ನನ್ನಲ್ಲ, ಅವ್ವನ ರೊಟ್ಟಿಯನ್ನು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಬೆರಳಿನಿಂದ ತಟ್ಟಿದರು, ಟಣ್ ಅಂದಿತು. "ಇದು ತಿನ್ನುವುದಾ?" ಅಂತ ಕೇಳಿದರು. ನಾನು ತುದಿ ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಆಗ ಅವರ ಮುಖದಲ್ಲಿ ಕಂಡದ್ದು ಮೆಚ್ಚುಗೆಯೋ ಕನಿಕರವೋ ತಿಳಿಯಲಿಲ್ಲ, ಹೋಗಿ ಅಂದರು.

ಬರ್ಗೆನ್ ಎಂಬ ಪಟ್ಟಣದಿಂದ ದೋಣಿಯಲ್ಲಿ ಕೆಲವು ತಾಸು ಹೋದರೆ ತರಬೇತಿಯ ಊರು. ಬೆಟ್ಟ, ಸಮುದ್ರದ ನೀರು, ಮರದ ಮನೆಗಳು, ಜಿನುಗುವ ಮಳೆ. ಜನ ಮಾತ್ರ ಕಡಿಮೆ, ಇದ್ದವರ ಮಾತು ಇನ್ನೂ ಕಡಿಮೆ. ಬಸ್ಸಿಗೆ ಕಾಯುವವರು ಒಬ್ಬರಿಂದ ಒಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ನಾನು ಮೊದಲ ದಿನ ನಮ್ಮ ಸಿರಿಗೇರಿ ಬಸ್ಸಿನ ರೂಢಿಯಲ್ಲಿ ಒಬ್ಬ ಹೆಂಗಸಿನ ಪಕ್ಕಕ್ಕೆ ಒತ್ತಿ ನಿಂತೆ. ಆಕೆ ಮೆಲ್ಲಗೆ ಒಂದು ಹೆಜ್ಜೆ ಸರಿದಳು. ಜಾಗ ಕೊಟ್ಟಳೆಂದು ನಾನೂ ಸರಿದೆ. ಹೀಗೆ ಸರಿದು ಸರಿದು ಇಬ್ಬರೂ ಮಳೆಗೆ ಬಂದುಬಿಟ್ಟೆವು. ಒಂದು ವಿಷಯಕ್ಕೆ ಮಾತ್ರ ಮನಸ್ಸು ತಣ್ಣಗಾಯಿತು: ಅಲ್ಲಿಯೂ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ.

ಎರಡನೆಯ ಸಂಜೆ ನಡೆದದ್ದನ್ನು ಹೇಳಲು ನಾಚಿಕೆ. ಒಂದು ಕಾಫಿ ಅಂಗಡಿಯ ಹೊರಗೆ, ಆ ಚಳಿಯಲ್ಲಿ, ತಳ್ಳುಗಾಡಿಯಲ್ಲಿ ಒಂದು ಕೂಸು ಮಲಗಿತ್ತು. ಪಕ್ಕದಲ್ಲಿ ನರಪಿಳ್ಳೆ ಇಲ್ಲ. ನಮ್ಮಲ್ಲಿ ತಲೆಗೆ ಕುಂಚಿಗೆ ಕಟ್ಟದೆ ಕೂಸನ್ನು ಹೊಸ್ತಿಲು ದಾಟಿಸಿದರೆ ಅತ್ತೆಯೂ ಅವ್ವನೂ ಒಟ್ಟಿಗೆ ಬೈಯುತ್ತಾರೆ. ಯಾರೋ ಬಿಟ್ಟು ಹೋಗಿದ್ದಾರೆ ಅಂದುಕೊಂಡೆ. ಒಳಗೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ, ಅಲ್ಲಿ ಎಲ್ಲರೂ ತಿನ್ನುತ್ತಿದ್ದರು. ಕೊಡೆ ಬಿಚ್ಚಿ ಗಾಡಿಯ ಮೇಲೆ ಹಿಡಿದು ನಿಂತೆ. ಇಪ್ಪತ್ತು ನಿಮಿಷವಾದ ಮೇಲೆ ತಾಯಿ ಕಾಫಿ ಮುಗಿಸಿ ಬಂದಳು. ಅಲ್ಲಿ ಕೂಸುಗಳನ್ನು ತಣ್ಣನೆ ಗಾಳಿಯಲ್ಲೇ ಮಲಗಿಸುವುದು ಪದ್ಧತಿ, ಚೆನ್ನಾಗಿ ನಿದ್ದೆ ಬರುತ್ತದಂತೆ. ಆಕೆ ನನಗೆ ವಂದನೆ ಹೇಳಿದಳು, ಯಾತಕ್ಕೆಂದು ಆಕೆಗೂ ತಿಳಿಯದೆ. ನನ್ನ ಕೈ ಮರಗಟ್ಟಿತ್ತು. ಕೂಸು ಬೆಚ್ಚಗಿತ್ತು.

ಮೂರನೆಯ ದಿನ

ನಮ್ಮ ಗುರು ಇಂಗ್ರಿಡ್. ಐವತ್ತು ದಾಟಿದ ಸೂಲಗಿತ್ತಿ ನರ್ಸ್, ಕತ್ತರಿಸಿದ ಬೆಳ್ಳಿಗೂದಲು. ನನ್ನ ಕೋಣೆಯ ಜೊತೆಗಾತಿ ಮಲಾವಿ ದೇಶದ ಗ್ರೇಸ್. ನಮ್ಮೆಲ್ಲರ ಇಂಗ್ಲಿಷೂ ಕುಂಟುತ್ತಿತ್ತು, ಒಬ್ಬೊಬ್ಬರದು ಒಂದೊಂದು ಕಾಲಲ್ಲಿ.

ಗೊಂಬೆಯ ಕೋಣೆ ನಿಜವಾದ ವಾರ್ಡಿನಂತೆಯೇ ಇತ್ತು. ಗೊಂಬೆ ಉಸಿರಾಡುತ್ತಿತ್ತು, ಕಣ್ಣು ಮಿಟುಕಿಸುತ್ತಿತ್ತು. ಗಾಜಿನ ಆಚೆ ಕೂತ ಇಂಗ್ರಿಡ್ ಅದಕ್ಕೆ ದನಿ ಕೊಡುತ್ತಿದ್ದರು. ಹೆರಿಗೆಯಾಗಿದೆ, ನೀನು ಒಬ್ಬಳೇ ನರ್ಸ್, ಡಾಕ್ಟರು ಮನೆಯಲ್ಲಿದ್ದಾರೆ, ಗೋಡೆಯ ಮೇಲೆ ಫೋನಿದೆ. ಇಷ್ಟು ಹೇಳಿ ಬಾಗಿಲು ಹಾಕಿದರು.

ಕೆಂಪು ನೀರು ಹರಿಯತೊಡಗಿತು. ನನ್ನ ಕೈ ತನ್ನ ಕೆಲಸ ಮಾಡಿತು. ಹೊಟ್ಟೆ ಒತ್ತಿ ಗರ್ಭಕೋಶ ತಿಕ್ಕಿದೆ, ಸೂಜಿ ಹಾಕಿದೆ, ಡ್ರಿಪ್ ಹಚ್ಚಿದೆ, ಬಟ್ಟೆ ಬದಲಿಸಿದೆ. "ನನಗೆ ತಲೆ ಸುತ್ತುತ್ತಿದೆ" ಅಂದಿತು ಗೊಂಬೆ. "ಏನಾಗಂಗಿಲ್ಲವ್ವ, ಅಂಜಬ್ಯಾಡ" ಅಂದೆ, ಅಚ್ಚ ಕನ್ನಡದಲ್ಲಿ. ಆಮೇಲೆ ಫೋನ್ ಎತ್ತಿದೆ. ಆ ಕಡೆ ಅಲ್ಲಿನ ಡಾಕ್ಟರರೊಬ್ಬರು ಡಾಕ್ಟರ ಪಾತ್ರದಲ್ಲಿದ್ದರು.

ನಾನು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಮಾತು: "ಸಾರ್, ಊಟ ಆಯ್ತಾ?"

"ಇಲ್ಲ... ಈಗ ತಿನ್ನುತ್ತಿದ್ದೇನೆ" ಅಂದರು ಆ ಡಾಕ್ಟರರು.

"ಹಾಗಾದರೆ ಊಟ ಮಾಡಿ ಸಾರ್. ಸ್ವಲ್ಪ ರಕ್ತ ಹೋಗುತ್ತಿದೆ, ಅಷ್ಟೆ. ನಿಧಾನವಾಗಿ ಬನ್ನಿ."

ಗೊಂಬೆಯ ದನಿ ನಿಂತಿತು. ಯಂತ್ರ ಕೂಗತೊಡಗಿತು. ಬಾಗಿಲು ತೆರೆಯಿತು.

ಆಮೇಲೆ ಎಲ್ಲರೂ ದುಂಡಗೆ ಕೂತು ಮಾತಾಡಬೇಕು. ಅದೇ ತರಬೇತಿಯ ಜೀವ ಅಂತಾರೆ, ನನಗೆ ಜೀವ ಹೋದ ಹಾಗಾಗಿತ್ತು. ಬೈಗುಳ ಬೀಳುತ್ತದೆ ಅಂತ ತಲೆ ತಗ್ಗಿಸಿ ಕಾದೆ. ಇಂಗ್ರಿಡ್ ಬೈಯಲಿಲ್ಲ. ಒದ್ದೆ ಬಟ್ಟೆಗಳನ್ನೆಲ್ಲ ತಂದು ಅಡುಗೆಮನೆಯ ತಕ್ಕಡಿಯಂಥದರ ಮೇಲಿಟ್ಟು ತೂಗಿದರು. ಒಣಬಟ್ಟೆಯ ತೂಕ ಕಳೆದರು. ಒಂದೂವರೆ ಲೀಟರು.

"ಇದು ನಿಮ್ಮಲ್ಲಿ ಸ್ವಲ್ಪವಾ?" ಅಂತ ಕೇಳಿದರು. ವ್ಯಂಗ್ಯ ಇರಲಿಲ್ಲ, ನಿಜಕ್ಕೂ ತಿಳಿಯಬೇಕಿತ್ತು.

ನಮ್ಮಲ್ಲಿ ಬಾಣಂತಿಯ ಕಡೆಯವರು ಹಳೇ ಸೀರೆಯ ಅರಿವೆ ತಂದುಕೊಡುತ್ತಾರೆ. ಅದು ಎಷ್ಟು ಕುಡಿಯಿತೆಂದು ಯಾರು ನೋಡುತ್ತಾರೆ? ಎಲ್ಲ ಕಣ್ಣಂದಾಜು. ನಮ್ಮ ಕಡೆ ಮೆಣಸಿನಕಾಯಿ ಚೀಲ ಕಣ್ಣಂದಾಜಿನಲ್ಲಿ ಯಾರೂ ಮಾರುವುದಿಲ್ಲ, ತೂಗಿಸಿಯೇ ಮಾರುತ್ತಾರೆ. ಬಾಣಂತಿಯ ರಕ್ತಕ್ಕೆ ಮಾತ್ರ ಅಂದಾಜು ಸಾಕು.

"ಡಾಕ್ಟರನ್ನು ಯಾಕೆ ಕರೆಯಲಿಲ್ಲ?"

"ಅವರು ಊಟ ಮಾಡುತ್ತಿದ್ದರು" ಅಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಅನ್ನುವುದನ್ನು ಆ ಜನಕ್ಕೆ ಹೇಗೆ ತಿಳಿಸುವುದು? ನಮ್ಮಲ್ಲಿ ಜಗಳಕ್ಕೆ ಬಂದವನು ಕೂಡ ಊಟ ಮುಗಿಯುವ ತನಕ ಕಟ್ಟೆಯ ಮೇಲೆ ಕಾಯುತ್ತಾನೆ. ದೊಡ್ಡವರಿಗೆ ಫೋನ್ ಮಾಡಿದರೆ ಮೊದಲು ಊಟ ಕೇಳಬೇಕು, ಆಮೇಲೆ ವಿಷಯ. ಕೆಟ್ಟ ಸುದ್ದಿಯಾದರೆ ಇನ್ನೂ ಮೆತ್ತಗೆ ಹೇಳಬೇಕು.

ಮೂರು ವರ್ಷದ ಹಿಂದಿನ ಆ ಮಧ್ಯಾಹ್ನವೂ ನಾನು ಹೀಗೇ ಮಾಡಿದ್ದೆ, ಒಂದಕ್ಷರ ಬದಲಿಲ್ಲ. ಎರಡು ಗಂಟೆಯ ಹೊತ್ತು. "ಸಾರ್, ಊಟ ಆತ್ರಿ?" "ಈಗ ಕುಂತೀನಿ, ಹೇಳ್ರಿ ಸಿಸ್ಟರ್." "ಏನಿಲ್ರಿ ಸಾರ್, ಆ ರಾರಾವಿ ಹುಡುಗಿ ಹಡೀತು. ಸ್ವಲ್ಪ ಬ್ಲೀಡಿಂಗ್ ಐತಿ. ಊಟ ಮುಗಿಸ್ಕೊಂಡ ಬರ್ರಿ." ಸಾಹೇಬರ ಮನೆ ಆಸ್ಪತ್ರೆಯ ಹಿಂದೆಯೇ, ನಡೆದರೆ ಮೂರು ನಿಮಿಷ. ಅವರು ಬಂದದ್ದು ಮುಕ್ಕಾಲು ತಾಸಿಗೆ. ಬಂದವರೇ ಬಟ್ಟೆ ನೋಡಿ ಅಂಬ್ಯುಲೆನ್ಸಿಗೆ ಓಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೋ ಏನೋ.

ಇಂಗ್ರಿಡ್ ನನ್ನ ಮುಖ ನೋಡುತ್ತಿದ್ದರು. "ಇದು ಮೊದಲ ಸಲ ಆದದ್ದಲ್ಲ, ಅಲ್ಲವಾ?" ಅಂದರು. ನಾನು ನೀರಡಿಕೆ ಅಂತ ಎದ್ದು ಹೊರಗೆ ಹೋದೆ.

ನಡುವಿನ ದಿನಗಳು

ಮೊದಲು ಲೆಕ್ಕ, ಆಮೇಲೆ ಉಳಿದದ್ದು. ಇದನ್ನು ಬಾಯಿಪಾಠ ಮಾಡಿದೆ. ನಾನು ಇಂಥವಳು, ಇಂಥವಳಿಗೆ ಇಷ್ಟು ರಕ್ತ ಹೋಗಿದೆ, ನಾಡಿ ಇಷ್ಟು, ಈಗಲೇ ಬನ್ನಿ. ಕನ್ನಡಿಯ ಮುಂದೆ ನಿಂತು ಹೇಳಿಕೊಂಡರೆ 'ಈಗಲೇ ಬನ್ನಿ' ಅನ್ನುವಲ್ಲಿ ನಾಲಿಗೆ ತಡೆಯುತ್ತಿತ್ತು. ಡಾಕ್ಟರಿಗೆ ಅಪ್ಪಣೆ ಕೊಟ್ಟ ಹಾಗೆ ಅನಿಸುತ್ತಿತ್ತು. ಗ್ರೇಸ್ ಹಾಸಿಗೆಯ ಮೇಲೆ ಉರುಳಿ ನಗುತ್ತಿದ್ದಳು, ಆಮೇಲೆ ತಾನೂ ಕನ್ನಡಿಯ ಮುಂದೆ ನಿಂತು ಅಲ್ಲೇ ತಡವರಿಸುತ್ತಿದ್ದಳು.

ಆ ಊರಿನ ಡಾಕ್ಟರರು ಕಾಫಿ ತಾವೇ ಕಾಸಿ ನರ್ಸುಗಳಿಗೆ ಕೊಡುತ್ತಾರೆ, ಲೋಟ ತಾವೇ ತೊಳೆಯುತ್ತಾರೆ. ಫೋನಿನಲ್ಲಿ ಊಟ ಮಾಡುತ್ತಿದ್ದ ಆ ಡಾಕ್ಟರರು ಲೋಟ ತೊಳೆಯಲು ನಿಂತಾಗ ನಾನು ತಡೆಯಲಾರದೆ ಕಿತ್ತುಕೊಳ್ಳಲು ಹೋದೆ. ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಲೋಟ ನೆಲಕ್ಕೆ ಬಿದ್ದು ಒಡೆಯಿತು. ಅವರೇ ಕ್ಷಮೆ ಕೇಳಿ, ಅವರೇ ಚೂರು ಆಯ್ದರು. ನಾನು ಗೋಡೆಗೆ ಅಂಟಿ ನಿಂತಿದ್ದೆ.

ಊಟದ ಕಥೆ ಬೇರೆ. ಹನ್ನೊಂದೂವರೆಗೆಲ್ಲ ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡು ಬಿಚ್ಚುತ್ತಾರೆ. ಹೊಲಕ್ಕೆ ಹೋಗುವವರ ಬುತ್ತಿಯಂತೆ ಅದು, ಬುತ್ತಿಯ ರುಚಿ ಮಾತ್ರ ಇಲ್ಲ. ಒಂದು ದಿನ ಮೇಜಿನ ಮೇಲೆ ಕಂದು ಬಣ್ಣದ ಬೆಲ್ಲದ ಅಚ್ಚು ಕಂಡಿತು. ಬೆಲ್ಲ! ಕಣ್ಣು ಒದ್ದೆಯಾಯಿತು. ದೊಡ್ಡ ತುಂಡು ಬಾಯಿಗೆ ಹಾಕಿಕೊಂಡೆ. ಅದು ಆಡಿನ ಹಾಲಿನ ಚೀಸು, ಉಪ್ಪುಪ್ಪು ಸಿಹಿ. ನುಂಗಲಾರೆ, ಉಗುಳಲಾರೆ. ಎದುರಿಗೆ ಕೂತವರು ನನ್ನ ಕಣ್ಣೀರು ನೋಡಿ ಇಷ್ಟವಾಯಿತೆಂದು ಇನ್ನೊಂದು ತುಂಡು ಕೊಟ್ಟರು. ಬೇಡ ಅನ್ನಲು ನನಗೆ ಬರುತ್ತದೆಯೇ? ಅದನ್ನೂ ತಿಂದೆ.

ಸಾಹುಕಾರರು ಹೇಳಿದ್ದು ಮುಕ್ಕಾಲು ಸರಿ, ಸೂರ್ಯ ಮುಳುಗಿದರೂ ಪೂರ್ತಿ ಕತ್ತಲಾಗುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿದರೂ ಬೆಳಕು ಒಳಗೆ ಬರುತ್ತಿತ್ತು. ಆ ಬೆಳಕಿನಲ್ಲಿ ಹುಲಿಗೆಮ್ಮನ ಮುಖ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ಏನೋ ಕೇಳಲು ಬಾಯಿ ತೆರೆದು, ನಾನು 'ಏನಾಗಂಗಿಲ್ಲ' ಅಂದ ಕೂಡಲೇ ಮುಚ್ಚಿಕೊಂಡಿದ್ದಳು.

ಕೊನೆಯ ದಿನ

ಕೊನೆಯ ದಿನ ಪ್ರತಿಯೊಬ್ಬರೂ ಗುರುವಿನ ಜಾಗದಲ್ಲಿ ಕೂತು ಉಳಿದವರಿಗೆ ಪಾಠ ನಡೆಸಬೇಕು. ಒಂದು ನಿಯಮ: ಪಾಠ ಕಲಿಸುವವಳು ಮೊದಲು ತನ್ನ ಕೆಲಸದಲ್ಲಿ ತಾನೇ ಮಾಡಿದ ನಿಜವಾದ ತಪ್ಪೊಂದನ್ನು ಹೇಳಬೇಕು. ಹಾಗೆ ಹೇಳದೆ ಬೇರೆಯವರ ಬಾಯಿ ಬಿಡಿಸಲು ಆಗುವುದಿಲ್ಲ ಅನ್ನುತ್ತಿದ್ದರು ಇಂಗ್ರಿಡ್.

ಗ್ರೇಸ್ ಹೇಳಿದಳು. ಔಷಧದ ಅಳತೆ ತಪ್ಪಿ ಒಂದು ಕೂಸು ಹೋಗಿತ್ತು. ಹೇಳಿ ಮುಗಿಸಿದಾಗ ಅವಳ ಬೆನ್ನು ನೆಟ್ಟಗಿತ್ತು. ನನ್ನ ಸರದಿ ಬಂತು. ಒಮ್ಮೆ ರಕ್ತದ ಬಾಟಲಿಗೆ ಚೀಟಿ ಅಂಟಿಸಲು ಮರೆತಿದ್ದೆ, ಕೂಡಲೇ ನೆನಪಾಯಿತು, ಯಾರಿಗೂ ಏನೂ ಆಗಲಿಲ್ಲ ಅಂದೆ. ಪಾಠ ಚೆನ್ನಾಗಿ ನಡೆಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಇಂಗ್ರಿಡ್ ನನಗೆ ಚೀಲ ಕೊಟ್ಟರು. ಒಬ್ಬ ಹೆಂಗಸು ಹೊಟ್ಟೆಗೆ ಕಟ್ಟಿಕೊಂಡು ತಾಯಿಯ ಪಾತ್ರ ಮಾಡುವಂಥದು. ಒಳಗೆ ರಬ್ಬರಿನ ಕೂಸು, ಕೆಂಪು ನೀರಿನ ತೊಟ್ಟಿ. ಕೊಡುವಾಗ ಮೆಲ್ಲಗೆ ಹೇಳಿದರು, "ಚೀಟಿಯ ತಪ್ಪು ಸಣ್ಣದು. ಸಣ್ಣ ತಪ್ಪು ಹೇಳುವುದು ಸುಲಭ. ನಿಮ್ಮ ಊರಿನಲ್ಲಿ ಅದು ಸಾಕಾಗುವುದಿಲ್ಲ."

ಗೆದ್ದು ಬಂದವಳ ಹಾಗೆ ಚೀಲ ಎದೆಗೊತ್ತಿಕೊಂಡು ವಿಮಾನ ಹತ್ತಿದೆ. ಕಳ್ಳತನದ ಮಾಲಿನಷ್ಟು ಭಾರವಾಗಿತ್ತು.

ಸಿರುಗುಪ್ಪ

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮೊದಲ ತರಬೇತಿ. ಹನ್ನೊಂದು ನರ್ಸುಗಳು ಬಂದಿದ್ದರು. ಎಲ್ಲರಿಗಿಂತ ಹಿರಿಯರು ಕುರುಗೋಡಿನಿಂದ ಬಂದ ಶಾರದಕ್ಕ, ಮೂವತ್ತು ವರ್ಷದ ಅನುಭವ. ಡಾಕ್ಟರ್ ಸಾಹೇಬರೂ ಮೂಲೆಯ ಕುರ್ಚಿಯಲ್ಲಿ ಕೂತರು. ಚೀಲ ನಾನೇ ಕಟ್ಟಿಕೊಂಡು ಮಲಗಿದೆ. ಶಾರದಕ್ಕ ಎಲ್ಲ ಮಾಡಿದರು, ಚೊಕ್ಕವಾಗಿ. ಫೋನ್ ಎತ್ತಿದರು. "ನಮಸ್ಕಾರ್ರಿ ಸಾರ್, ಊಟ ಆತ್ರಿ?" ಅಂದರು. ನಾನು ಚೀಲದ ಕೆಳಗೆ ಕಣ್ಣು ಮುಚ್ಚಿಕೊಂಡೆ.

ಆಮೇಲೆ ದುಂಡಗೆ ಕೂರಿಸಿ ಕೇಳಿದೆ, ಏನು ತಪ್ಪಿತು, ಏನು ಸರಿಯಾಯಿತು?

"ಎಲ್ಲಾ ಚಲೋ ಆತ್ರಿ" ಅಂದರು ಶಾರದಕ್ಕ.

"ಹೌದ್ರಿ, ಭಾಳ ಚಲೋ ಆತು."

ಹನ್ನೊಂದು ಬಾಯಿ, ಒಂದೇ ಮಾತು. ಎಲ್ಲರ ಕಣ್ಣೂ ಮೂಲೆಯ ಕುರ್ಚಿಯ ಕಡೆ. ನಾನು ಚೀಟಿಯ ಕಥೆ ಹೇಳಿದೆ. ತಲೆಯಾಡಿಸಿದರು. ಚಹಾ ಕುಡಿದು ಮನೆಗೆ ಹೋದರು. ಇಂಗ್ರಿಡ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ಬಾಯಿ ಬಿಡದಿದ್ದರೆ ಆ ಚೀಲ ಬೀರುವಿನ ಮೇಲೆ ಧೂಳು ತಿನ್ನುತ್ತದೆ, ಇನ್ನೊಬ್ಬ ಹುಡುಗಿ ಇನ್ನೊಂದು ಮಧ್ಯಾಹ್ನ ಹೀಗೇ ಮಲಗಿರುತ್ತಾಳೆ. ಬಾಯಿ ಬಿಟ್ಟರೆ ಕೆಲಸ ಹೋಗಬಹುದು, ಸಾಹೇಬರ ಮುಖ ನೋಡಲು ಆಗದೆ ಹೋಗಬಹುದು. ಆದರೆ ಅದಕ್ಕೂ ಮೊದಲು ಒಂದು ಇತ್ತು. ಆ ಕಥೆ ನನ್ನದಲ್ಲ. ಅದರ ಒಡತಿಗೇ ಗೊತ್ತಿಲ್ಲದ್ದನ್ನು ಹನ್ನೊಂದು ಜನರ ಮುಂದೆ ಹೇಳುವುದು ಹೇಗೆ?

ರಾರಾವಿ

ವಿದೇಶಕ್ಕೆ ಹೋಗುವಾಗಲೂ ಇಷ್ಟು ಅಂಜಿರಲಿಲ್ಲ. ರಾರಾವಿಯ ಬಸ್ಸಿನಲ್ಲಿ ಎರಡು ಸಲ ಇಳಿದುಬಿಡಲು ಎದ್ದೆ.

ಹುಲಿಗೆಮ್ಮ ಅಂಗಳದಲ್ಲಿ ಮಗಳ ತಲೆ ಬಾಚುತ್ತಿದ್ದಳು. ಅವಳ ಅತ್ತೆ ತೆಲುಗಿನಲ್ಲಿ "ರಾಮ್ಮಾ, ಕೂಚೋ" ಅಂತ ಚಾಪೆ ಹಾಸಿ, ನೀರು ಕೊಟ್ಟು, ಮೊಮ್ಮಗಳನ್ನು ಕರೆದುಕೊಂಡು ಒಳಗೆ ಹೋದರು. ಹುಲಿಗೆಮ್ಮ ನನ್ನನ್ನು ಗುರುತಿಸಿದಳು. ನಗಲಿಲ್ಲ.

ಹೇಳಿದೆ. ಫೋನು, ಊಟ, ಸ್ವಲ್ಪ ಅಂದದ್ದು, ಮುಕ್ಕಾಲು ತಾಸು, ಎಲ್ಲ. ಅಳಬಾರದು ಅಂದುಕೊಂಡಿದ್ದೆ, ಆದರೂ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಬಹಳ ಹೊತ್ತು ಬಾಚಣಿಗೆಯ ಹಲ್ಲಿನಿಂದ ಕೂದಲು ಬಿಡಿಸುತ್ತ ಕೂತಳು.

"ನಂಗ ಗೊತ್ತಿತ್ರಿ" ಅಂದಳು ಕೊನೆಗೆ.

"ಏನ್ ಗೊತ್ತಿತ್ತವ್ವ?"

"ನಾ ಹೊಂಟೀನಿ ಅಂತ. ಕೆಳಗ ಬಿಸಿ ಬಿಸಿ ಹರಿಯಾಕತ್ತಿತ್ತಲ್ರಿ. ಕಣ್ಣು ಮಬ್ಬಾಗಾಕತ್ತಿತ್ತು. ಕೂಸಿನ್ನ ಒಮ್ಮೆ ತೋರಸ್ರಿ, ನನ್ನ ಗಂಡನ್ನ ಕರೀರಿ ಅಂತ ಕೇಳ್ಬೇಕಂದೆ. ನೀವು ಏನಾಗಂಗಿಲ್ಲ, ಏನಾಗಂಗಿಲ್ಲ ಅಂದ್ರಿ. ದೊಡ್ಡ ನರ್ಸಮ್ಮ ಹೇಳಾಕತ್ತಾರ, ನಾ ಹೆಂಗ ಕೇಳ್ಲಿ ಅಂತ ಸುಮ್ನಾದೆ."

ಅವಳ ಬಾಯಿ ಮುಚ್ಚಿಸಿದವಳು ನಾನು. ಸಮಾಧಾನ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ.

"ನನ್ನ ಮ್ಯಾಲೆ ಸಿಟ್ಟೈತೇನವ್ವ?"

"ಐತ್ರಿ," ಅಂದಳು, ತಡಮಾಡದೆ. "ಯಾಕ ಇರಬಾರದು? ಇನ್ನೊಂದು ಹಡೀಲಿಲ್ಲಂತ ದಿನಾ ಒಬ್ರಿಲ್ಲ ಒಬ್ರು ಅಂತಾರ. ಇವತ್ತು ಹೇಳಿದ್ದಕ್ಕ ಅದೇನ್ ವಾಪಸ್ ಬರತೈತೇನು?"

ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಕೊಡುವ ಭಾರವನ್ನೂ ಅವಳ ಮೇಲೇ ಹಾಕಿದ ಹಾಗೆ. ಇದನ್ನು ಹೇಳದೆ ಬೇರೆ ನರ್ಸುಗಳಿಗೆ ಪಾಠ ಮಾಡಲಾರೆ, ನೀನು ಬೇಡವೆಂದರೆ ಹೇಳುವುದಿಲ್ಲ ಅಂದೆ. ಗೊಂಬೆಯ ಚೀಲದ ವಿಷಯವನ್ನೂ ತಿಳಿಸಿದೆ. ಅವಳು ಅದರ ಬಗ್ಗೆ ಬಹಳ ಪ್ರಶ್ನೆ ಕೇಳಿದಳು. ರಕ್ತ ಎಲ್ಲಿಂದ ಬರುತ್ತದೆ, ಮಲಗುವವರು ಯಾರು, ಮಲಗಿದವರು ಮಾತಾಡಬಹುದಾ?

"ಮಾತಾಡಬಹುದು."

"ಹಂಗಾರ ನಾ ಬರ್ತೀನಿ. ನೀವು ಮಲಕ್ಕೊಂಡ್ರ ಅವ್ರಿಗೆ ಏನ್ ತಿಳೀತೈತಿ? ನಿಮಗ ಆಗಿಲ್ಲಲ್ಲ."

ಮತ್ತೆ ಸಿರುಗುಪ್ಪ

ಮುಂದಿನ ತಿಂಗಳು ಅದೇ ಕೋಣೆ, ಅದೇ ಹನ್ನೊಂದು ಜನ, ಮೂಲೆಯ ಕುರ್ಚಿಯಲ್ಲಿ ಸಾಹೇಬರು. ಹುಲಿಗೆಮ್ಮ ಬಾಗಿಲ ಬಳಿ ಕೂತಿದ್ದಳು. ನಾನು ನಿಂತು ಹೇಳಿದೆ. ಈ ಸಲ ಚೀಟಿಯ ಕಥೆಯಲ್ಲ. ಹೇಳುವಾಗ ಸಾಹೇಬರ ಕಡೆ ನೋಡಲಿಲ್ಲ, ನೋಡಿದ್ದರೆ ನಿಲ್ಲಿಸಿಬಿಡುತ್ತಿದ್ದೆ.

ಸಾಹೇಬರು ಎದ್ದರು. ಹೊರಗೆ ಹೋಗುತ್ತಾರೆ ಅಂದುಕೊಂಡೆ. ಅವರು ಕುರ್ಚಿಯನ್ನು ಎಳೆದುಕೊಂಡು ಬಂದು ನಮ್ಮ ದುಂಡಿನೊಳಗೆ ಕೂತರು.

"ಸ್ವಲ್ಪ ಅಂದ್ರ ಎಷ್ಟು ಅಂತ ನಾನೂ ಕೇಳಲಿಲ್ಲ" ಅಂದರು. "ಮುಂದಿಟ್ಟ ಅನ್ನ ಆರತೈತಿ ಅಂತ ಫೋನ್ ಇಟ್ಟೆ." ಹುಲಿಗೆಮ್ಮನ ಕಡೆ ನೋಡಿ ತಲೆ ತಗ್ಗಿಸಿದರು.

ಶಾರದಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಂದೂ ಒಂದೈತ್ರಿ" ಅಂದರು. ಅವರ ಹಿಂದೆ ಇನ್ನೊಬ್ಬರು. ಮಧ್ಯಾಹ್ನದ ತನಕ ಚೀಲ ಬಿಚ್ಚಲೇ ಇಲ್ಲ.

ಬಿಚ್ಚಿದ ಮೇಲೆ ಹುಲಿಗೆಮ್ಮ ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಮಂಚದ ಮೇಲೆ ಮಲಗಿದಳು. ಕೆಂಪು ನೀರು ಹರಿದಾಗ ಅವಳ ಮುಖ ಬಿಳಿಚಿತು, ಅದು ನಟನೆಯಲ್ಲ. ನಾನು ನಿಲ್ಲಿಸಲು ಎದ್ದೆ, ಅವಳು ಬೇಡವೆಂದು ಕೈ ಮಾಡಿದಳು. ಶಾರದಕ್ಕ ಫೋನ್ ಎತ್ತಿ ಉಸಿರು ಹಿಡಿದು ಒಂದೇ ಸಲಕ್ಕೆ ಹೇಳಿದರು: ಇಂಥವಳು, ಇಷ್ಟು ರಕ್ತ, ಇಷ್ಟು ನಾಡಿ, ಈಗ ಬರ್ರಿ. ಪಕ್ಕದ ಕೋಣೆಯಿಂದ ಸಾಹೇಬರು ಬರಿಗಾಲಿನಲ್ಲಿ ಓಡಿ ಬಂದರು. ಶಾರದಕ್ಕ ಮಂಚದ ಕಡೆ ಬಾಗಿದರು. ಏನಾಗಂಗಿಲ್ಲ ಅನ್ನುವ ಮಾತು ಅವರ ತುಟಿಯ ತನಕ ಬಂದದ್ದು ನನಗೆ ಕಂಡಿತು.

"ರಕ್ತ ಜಾಸ್ತಿ ಹೋಗಾಕತ್ತೈತವ್ವ," ಅಂದರು. "ನಾವೆಲ್ಲ ಇಲ್ಲೇ ಅದೀವಿ, ನಿಲ್ಸಾಕ ನೋಡ್ತೀವಿ. ನಿಂದೇನರ ಹೇಳೋದೈತೇನು?"

ಹುಲಿಗೆಮ್ಮ ಸೂರು ನೋಡುತ್ತ ಮಲಗಿದ್ದಳು. ಅವಳ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ಪಾಠದ ಪ್ರಕಾರ ತಾಯಿ ಇಲ್ಲಿ ಏನೂ ಹೇಳಬೇಕಾಗಿರಲಿಲ್ಲ.

"ನನ್ನ ಕೂಸಿನ್ನ ತೋರಸ್ರಿ" ಅಂದಳು.

ರಬ್ಬರಿನ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅವಳ ಎದೆಯ ಮೇಲಿಟ್ಟೆ. ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬಹಳ ಹೊತ್ತಿನವರೆಗೆ ಬಿಡಲಿಲ್ಲ.